ಏಕಾಂತಯ್ಯ ಹಾರಿಸಿ ನೋಡುವುದಿಲ್ಲ

ಗಾಂಧಿ ಬಜಾರಿನಲ್ಲಿ ಹೂವಿನ ಮೂಟೆಗಳು ಇನ್ನೂ ಬಿಚ್ಚಿಕೊಳ್ಳುತ್ತಿವೆ. ಅಲ್ಲಿಂದ ಕೂಗಳತೆ ದೂರದ ಒಂದು ಅಡ್ಡರಸ್ತೆಯ ಮನೆಯಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಗೂಡಿನ ಮುಂದೆ ಏಕಾಂತಯ್ಯ ಮಂಡಿಯೂರಿ ಕೂತಿದ್ದಾರೆ. ಹಣೆಯ ವಿಭೂತಿ ಇನ್ನೂ ಹಸಿಯಾಗಿದೆ. ಬಾಯಲ್ಲಿ ಪುಟ್ಟ ಟಾರ್ಚು, ಕೈಯಲ್ಲಿ ಧೂಳು ಝಾಡಿಸುವ ಮೆತ್ತನೆಯ ಕುಂಚ. ಗೂಡಿನೊಳಗಿರುವುದು ಮನೆಯ ಕ್ಯಾಮೆರಾಗಳು ಕಂಡದ್ದನ್ನೆಲ್ಲ ಬಚ್ಚಿಟ್ಟುಕೊಳ್ಳುವ ಕಪ್ಪು ಪೆಟ್ಟಿಗೆ. ಅಂಗಡಿಯಲ್ಲಿ ಅದಕ್ಕೆ ಡಿವಿಆರ್ ಎನ್ನುತ್ತಾರೆ, ಏಕಾಂತಯ್ಯ ಡಬ್ಬಿ ಎನ್ನುತ್ತಾರೆ. ಅದರ ನೆತ್ತಿಯ ಮೇಲೆ ಒಣಗಿದ ಗಂಧ, ಕುಂಕುಮ, ಬಾಡಿದ ಒಂದು ಸೇವಂತಿಗೆ. ಆಯುಧಪೂಜೆ ಕಳೆದು ಆರು ದಿನವಾಗಿದೆ.

ಬೆನ್ನ ಹಿಂದೆ ಮನೆಯವರು ಮೂವರೂ ನಿಂತಿದ್ದಾರೆ: ಕಾಲೇಜಿನಲ್ಲಿ ಪಾಠ ಮಾಡುವ ರಾಘವ, ಅವರ ಹೆಂಡತಿ ಶ್ರೀವಿದ್ಯಾ, ತಾಯಿ ಭಾಗೀರಥಮ್ಮ. ಯಾರ ಮುಖದಲ್ಲೂ ರಾತ್ರಿ ನಿದ್ದೆ ಸುಳಿದ ಗುರುತಿಲ್ಲ. ದಸರೆಗೆ ಗೊಂಬೆ ಕೂರಿಸಿದ್ದ ಕೋಣೆಯಲ್ಲಿ, ಕಲಶಕ್ಕೆ ಹಾಕಿದ್ದ ಭಾಗೀರಥಮ್ಮನವರ ಚಿನ್ನದ ಅವಲಕ್ಕಿ ಸರ ಕಾಣೆಯಾಗಿದೆ. ನಿನ್ನೆ ಸಂಜೆ ರಾಘವ ಡಬ್ಬಿಯೊಳಗೆ ಹುಡುಕಿದ್ದಾರೆ. ಶುಕ್ರವಾರ ಬೆಳಿಗ್ಗೆ ಹನ್ನೊಂದೂ ಐದಕ್ಕೆ ಮನೆಗೆಲಸದ ಮುನಿತಾಯಮ್ಮ ಗೊಂಬೆ ಕೋಣೆಯಿಂದ ಹೊರಬಂದು, ಸೆರಗಿನೊಳಗೆ ಏನನ್ನೋ ಅಡಗಿಸಿಕೊಂಡು ಹೋಗುವುದು ಅಲ್ಲಿ ಸಿಕ್ಕಿದೆ. ಶುಕ್ರವಾರ ಈ ಮನೆಯಲ್ಲಿ ಲಕ್ಷ್ಮಿಯನ್ನು ಕದಲಿಸುವ ಪದ್ಧತಿಯಿಲ್ಲ. ಆ ದಿನ ಕೋಣೆಯ ಬಾಗಿಲನ್ನೇ ಮುಂದೆ ಮಾಡಿಟ್ಟಿದ್ದರಂತೆ. ಹಾಗಾದರೆ ಇವಳಿಗೆ ಒಳಗೇನು ಕೆಲಸ?

"ಆ ಒಂದು ನಿಮಿಷದ್ದು ಕಾಪಿ ಮಾಡ್ಕೊಡಿ ಏಕಾಂತಯ್ಯನೋರೇ, ಸಾಕು. ಹತ್ತು ಗಂಟೆಗೆ ಸ್ಟೇಷನ್‌ಗೆ ಹೋಗ್ಬೇಕು" ಎನ್ನುತ್ತಾರೆ ರಾಘವ.

ಏಕಾಂತಯ್ಯ ಟಾರ್ಚು ಬಾಯಿಂದ ತೆಗೆಯುತ್ತಾರೆ. "ಆ ಯಮ್ಮನ್ನ ಕರೆಸಿ ಸಾರ್. ಚಿತ್ರದಲ್ಲಿರೋರು ಎದುರಿಗಿಲ್ದೆ ನಾನು ಕಾಪಿ ತೆಗೆಯಲ್ಲ."

ಐವತ್ತೆಂಟರ ಏಕಾಂತಯ್ಯನವರನ್ನು ಹಳೆಯ ಬೆಂಗಳೂರಿನ ಈ ಬಡಾವಣೆಗಳಲ್ಲಿ ಮುಖ ನೋಡಿ ಗುರುತಿಸುವವರು ಕಡಿಮೆ. ಏಣಿಯ ಮೇಲೆ, ಅಟ್ಟದೊಳಗೆ, ಸೂರಿನಂಚಿನಲ್ಲಿ ಇರುವ ಮನುಷ್ಯನ ಪಾದ ಮಾತ್ರ ಜನರಿಗೆ ಕಾಣುತ್ತದೆ. ನಗರ್ತಪೇಟೆಯಲ್ಲಿ ಅವರದೊಂದು ಆರಡಿ ಅಗಲದ ಅಂಗಡಿ. ಅಪ್ಪನ ಕಾಲದಲ್ಲಿ ಅಲ್ಲಿ ಹಿತ್ತಾಳೆ ಪಾತ್ರೆ ಮಾರುತ್ತಿದ್ದರು. ಇವರು ಅಲ್ಲೇ ಟೇಪ್ ರೆಕಾರ್ಡರು, ವಿಸಿಆರ್ ರಿಪೇರಿಗೆ ಕೂತರು. ಕ್ಯಾಸೆಟ್ಟಿನ ಕಾಲ ಮುಗಿದು ಎರಡು ವರ್ಷ ಕೈಕಟ್ಟಿ ಕೂತಿದ್ದೂ ಆಯಿತು. ಈಗ ಹದಿನೆಂಟು ವರ್ಷದಿಂದ ಈ ಡಬ್ಬಿಗಳ ಸಂಗ. ದಿನಕ್ಕೆ ಮೂರು ಮನೆ, ನಲವತ್ತು ಸಲ ಏಣಿ ಹತ್ತಿ ಇಳಿಯುವುದು, ಹಬ್ಬದ ದಿನಗಳಲ್ಲಿ ಐವತ್ತು ಫೋನು. ಅದರಲ್ಲಿ ಅರ್ಧ, ಪಾಸ್‌ವರ್ಡ್ ಮರೆತವರದ್ದು. ಎಡ ಮಂಡಿಯ ಚಿಪ್ಪು ಸವೆದಿದೆ ಎಂದು ಡಾಕ್ಟರು ಹೇಳಿ ವರ್ಷವಾಯಿತು. "ಏಣಿ ಹತ್ತಬೇಡಿ ಅಂದ್ರು. ಕ್ಯಾಮೆರಾನ ನೆಲದ ಮೇಲೆ ಇಡೋಕಾಗುತ್ತಾ ಅಂತ ಅವರನ್ನೇ ಕೇಳ್ದೆ."

ಹೊಸ ಮನೆಗೆ ಹೋದಾಗ ಅವರು ಮೊದಲು ಏಣಿ ಬಿಚ್ಚುವುದಿಲ್ಲ, ಕೂತು ಪ್ರಶ್ನೆ ಕೇಳುತ್ತಾರೆ. ಮನೆಗೆ ಎಷ್ಟು ಬಾಗಿಲು? ಎಷ್ಟು ದಿನದ ನೆನಪು ಬೇಕು? ಹದಿನೈದು ದಿನವಾದರೆ ಒಂದು ಗಾತ್ರದ ಡಿಸ್ಕು, ತಿಂಗಳಾದರೆ ಇನ್ನೊಂದು. ಜಾಗ ತುಂಬಿದ ಮೇಲೆ ಡಬ್ಬಿ ಹಳೆಯದನ್ನು ತಾನೇ ಅಳಿಸಿ ಹೊಸದನ್ನು ಬರೆದುಕೊಳ್ಳುತ್ತದೆ ಎಂದು ಮನೆಯವರಿಗೆಲ್ಲ ಒಂದೊಂದು ಸಲ ಹೇಳುತ್ತಾರೆ. ನಾಲ್ಕು ಕ್ಯಾಮೆರಾ ಸಾಕಾದ ಮನೆಗೆ ಎಂಟರ ಡಬ್ಬಿ ಮಾರುವುದಿಲ್ಲ. ಬಿಸಿಯಾಗುವ ಅಟ್ಟ ಬೇಡ, ಎಣ್ಣೆದೀಪ ಉರಿಯುವ ದೇವರ ಮನೆ ಬೇಡ, ಬಂದವರ ಕಣ್ಣಿಗೆ ಬೀಳುವ ಟಿವಿ ಪಕ್ಕವಂತೂ ಬೇಡವೇ ಬೇಡ. ಅಜ್ಜಿಯರು ಹೇಳುವ ಕಥೆಗಳಲ್ಲಿ ರಾಕ್ಷಸನ ಜೀವ ಅವನ ಮೈಯಲ್ಲಿರುವುದಿಲ್ಲ. ಏಳು ಸಮುದ್ರದಾಚೆ, ಮರದ ಪೊಟರೆಯಲ್ಲಿ, ಒಂದು ಗಿಳಿಯೊಳಗೆ ಇರುತ್ತದೆ. ಕಾವಲಿನ ಜೀವವೂ ಹಾಗೆಯೇ. ಕ್ಯಾಮೆರಾ ಒಡೆದರೆ ಒಂದು ಕಣ್ಣು ಹೋದೀತು, ಡಬ್ಬಿ ಹೋದರೆ ಎಲ್ಲವೂ ಹೋಯಿತು. ಆದ್ದರಿಂದ ಏಕಾಂತಯ್ಯ ಮೆಟ್ಟಿಲ ಕೆಳಗೆ, ಹಳೆಯ ಪೇಪರುಗಳ ಹಿಂದೆ, ಗಾಳಿಯಾಡುವ ಗೂಡು ಹುಡುಕುತ್ತಾರೆ.

ಈ ಮನೆಗೂ ಶ್ರಾವಣದಲ್ಲಿ ಅವರೇ ಡಬ್ಬಿ ಕೂರಿಸಿದ್ದು. ಆದರೆ ಆರಿಸಿದ್ದು ಅವರಲ್ಲ. ಅವರು ಹೇಳಿದ್ದು ಬೇರೆ, ರಾಘವ ಆಫರಿನಲ್ಲಿ ತರಿಸಿಕೊಂಡದ್ದು ಬೇರೆ.

ಮುನಿತಾಯಮ್ಮ ಗವಿಪುರದ ಗುಟ್ಟಹಳ್ಳಿಯಿಂದ ನಡೆದು ಬರುವುದರಲ್ಲಿ ಬೆಳಕು ಹರಿದಿದೆ. ನಲವತ್ತೈದರ ಹೆಂಗಸು. ಹನ್ನೊಂದು ವರ್ಷದಿಂದ ಈ ಮನೆಗೆ ದಿನಾ ಹನ್ನೊಂದು ಗಂಟೆಗೆ ಬಂದು ಪಾತ್ರೆ, ಕಸ ಮುಗಿಸಿ ಹೋಗುವವರು. ಇಂದು ಚಪ್ಪಲಿ ಬಿಟ್ಟು ಬಾಗಿಲ ಹೊರಗೇ ನಿಲ್ಲುತ್ತಾರೆ. ಒಳಗೆ ಬನ್ನಿ ಎಂದು ಮನೆಯವರು ಯಾರೂ ಹೇಳುವುದಿಲ್ಲ, ಏಕಾಂತಯ್ಯನೇ ಹೇಳಬೇಕಾಗುತ್ತದೆ. ಅಡ್ಡರಸ್ತೆಯವರ ವಾಟ್ಸಾಪ್ ಗುಂಪಿಗೆ ಶ್ರೀವಿದ್ಯಾ ನಿನ್ನೆ ರಾತ್ರಿಯೇ ಸುದ್ದಿ ಹಾಕಿದ್ದಾರೆ. ಮುನಿತಾಯಮ್ಮ ದುಡಿಯುವ ಐದು ಮನೆಯಲ್ಲಿ ಮೂರು ಮನೆಯವರು ನಾಳೆಯಿಂದ ಬರಬೇಡ ಎಂದು ಫೋನು ಮಾಡಿ ಮುಗಿಸಿದ್ದಾರೆ.

"ನಾನು ರೂಮಿಗೆ ಹೋಗಿದ್ದು ಹೌದು. ಕಾಯಿ, ಬ್ಲೌಸ್ ಪೀಸು ಕೊಟ್ರಿ, ಸೆರಗಲ್ಲಿ ಕಟ್ಕೊಂಡು ಹೋದೆ. ಅದು ಶನಿವಾರ ಕಣಮ್ಮಾ" ಎನ್ನುತ್ತಾರೆ ಆಕೆ. ಈ ಮಾತನ್ನು ಅವರು ನಿನ್ನೆಯಿಂದ ಎಷ್ಟನೇ ಸಲ ಹೇಳುತ್ತಿದ್ದಾರೋ.

ಶನಿವಾರ ಬಾಗಿನ ಕೊಟ್ಟದ್ದು ಶ್ರೀವಿದ್ಯಾ ಅವರಿಗೂ ನೆನಪಿದೆ. ಆದರೆ ಪರದೆಯ ಮೂಲೆಯಲ್ಲಿ ಬರೆದಿರುವುದು ಶುಕ್ರವಾರದ ತಾರೀಕು. ಯಂತ್ರಕ್ಕೆ ಮುನಿತಾಯಮ್ಮನ ಮೇಲೆ ಹಗೆಯೇ? ಹಾಗೆಂದು ಕೇಳುವುದು ರಾಘವ.

ಏಕಾಂತಯ್ಯ ಆ ಹೊತ್ತಿಗೆ ತಮ್ಮ ಫೋನು ತೆಗೆದು ಡಬ್ಬಿಯ ಗಡಿಯಾರದ ಪಕ್ಕ ಹಿಡಿದು ನೋಡಿದ್ದಾರೆ. ಇವತ್ತಿನ ತಾರೀಕು, ಗಂಟೆ, ನಿಮಿಷ ಎಲ್ಲವೂ ಸರಿ. ಗಡಿಯಾರ ಸರಿಯಿದ್ದರೆ ಈ ಹೆಂಗಸು ಸುಳ್ಳು ಹೇಳುತ್ತಿದ್ದಾಳೆ ಎಂದೇ ಅರ್ಥ. ರಾಘವ ಗೋಡೆಯ ಗಡಿಯಾರ ನೋಡುತ್ತಾರೆ. ಈಗಲಾದರೂ ಕಾಪಿ ತೆಗೆಯಬಹುದಲ್ಲ?

ಚಾಮರಾಜಪೇಟೆಯ ಒಂದು ಛತ್ರದಲ್ಲಿ, ಒಂಬತ್ತು ವರ್ಷದ ಹಿಂದೆ, ಛತ್ರದವರು ಹೀಗೇ ಕೇಳಿದ ಒಂದು ನಿಮಿಷವನ್ನು ಏಕಾಂತಯ್ಯ ಕೇಳಿದ ತಕ್ಷಣ ತೆಗೆದುಕೊಟ್ಟಿದ್ದರು. ಅದರಲ್ಲಿದ್ದವರು ಕಾವಲುಗಾರ ವೆಂಕಟಾಚಲ. ಅವರ ಕೆಲಸ ಹೋಯಿತು. ಕಳೆದಿದ್ದ ಬೆಳ್ಳಿ ತಟ್ಟೆಗಳು ವಾರದ ಮೇಲೆ ಅಡುಗೆಯವರ ಸಾಮಾನಿನ ನಡುವೆ ಸಿಕ್ಕವು. ಏಕಾಂತಯ್ಯ ಮೂರು ಸಲ ವೆಂಕಟಾಚಲನ ರೂಮು ಹುಡುಕಿಕೊಂಡು ಹೋದರು. ಮೂರು ಸಲವೂ ಬೀಗ. "ಆ ಮನುಷ್ಯನ ಮುಖ ಇವತ್ತಿಗೂ ನಂಗೆ ಮೇಲಿಂದ ನೋಡಿದ ಹಾಗೇ ಜ್ಞಾಪಕ. ನೆತ್ತಿ, ಮೂಗು, ಅಷ್ಟೇ. ಎದುರಿಂದ ನೋಡೇ ಇರ್ಲಿಲ್ಲ" ಎನ್ನುತ್ತಾ ಅವರು ವೈರು ಸುತ್ತತೊಡಗುತ್ತಾರೆ. ಚಿತ್ರದಲ್ಲಿರುವವರು ಎದುರಿಗಿರಬೇಕು, ಆ ದಿನವನ್ನು ಬೆಳಿಗ್ಗೆಯಿಂದ ಹಾರಿಸದೆ ನೋಡಬೇಕು ಎಂಬ ಎರಡು ಕಟ್ಟಳೆಗಳು ಅಂದಿನಿಂದ ಬಂದವು. ಇವನ್ನು ಒಪ್ಪದ ಎಷ್ಟೋ ಮನೆಗಳು ಕೈತಪ್ಪಿವೆ.

"ಶುಕ್ರವಾರನ ಆರು ಗಂಟೆಯಿಂದ ಹಾಕ್ತೀನಿ. ಎಲ್ರೂ ಕೂತ್ಕೊಳ್ಳಿ" ಎನ್ನುತ್ತಾರೆ ಏಕಾಂತಯ್ಯ.

ರಾಘವ ಸಿಡುಕುತ್ತಾರೆ. ತಾವು ನೋಡಿಯಾಗಿದೆ, ಬುಧವಾರದಿಂದ ಶನಿವಾರದವರೆಗೆ ಪ್ರತಿದಿನವೂ ನೋಡಿಯಾಗಿದೆ ಎನ್ನುತ್ತಾರೆ. ಪ್ರತಿದಿನ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂದು ಏಕಾಂತಯ್ಯ ಮೆತ್ತಗೆ ಕೇಳುತ್ತಾರೆ. ಹನ್ನೊಂದರಿಂದ ಹನ್ನೆರಡರವರೆಗೆ. ಅಂದರೆ ಮುನಿತಾಯಮ್ಮ ಮನೆಯಲ್ಲಿರುವ ಹೊತ್ತು ಮಾತ್ರ. ರಾಘವ ಕುರ್ಚಿ ಎಳೆದು ಕೂರುತ್ತಾರೆ. ಮುನಿತಾಯಮ್ಮ ಮಾತ್ರ ನಿಂತೇ ಇದ್ದಾರೆ.

ಕಥೆಯಲ್ಲಾದರೆ ಇಂಥ ಹೊತ್ತಿಗೆ ಒಂದು ಗಿಳಿ ಬಂದು ನಡೆದದ್ದನ್ನೆಲ್ಲ ಹೇಳಿಬಿಡುತ್ತದೆ. ಇಲ್ಲಿ ಪರದೆಯ ಮೇಲೆ ಹಾಲಿನ ಪ್ಯಾಕೆಟ್ಟು ಬರುತ್ತದೆ. ಪೇಪರು ಬೀಳುತ್ತದೆ. ರಾಘವ ಸ್ನಾನಕ್ಕೆ ಹೋಗುತ್ತಾರೆ. ಏಕಾಂತಯ್ಯ ವೇಗ ಹೆಚ್ಚಿಸುತ್ತಾರೆ, ಒಂದು ನಿಮಿಷವನ್ನೂ ಬಿಡುವುದಿಲ್ಲ. ಏಳು, ಎಂಟು. ಎಂಟೂವರೆಗೆ ಪರದೆಯ ಶ್ರೀವಿದ್ಯಾ ಒಂದು ತಗಡಿನ ಪೆಟ್ಟಿಗೆಯನ್ನು ಎಳೆದು ತಂದು ಗೊಂಬೆ ಕೋಣೆಯ ಬಾಗಿಲಲ್ಲಿಟ್ಟು, ಬಾಗಿಲು ಹಾರುಹೊಡೆಯುತ್ತಾರೆ. ಹಿಂದೆಯೇ ಭಾಗೀರಥಮ್ಮ, ಕೈಯಲ್ಲಿ ಹಳೆಯ ಪಂಚೆಗಳ ರಾಶಿ. ಒಂದೊಂದೇ ಗೊಂಬೆ ಪಂಚೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆ ಸೇರುತ್ತದೆ.

ಏಕಾಂತಯ್ಯ ಚಿತ್ರ ನಿಲ್ಲಿಸುತ್ತಾರೆ. "ಶುಕ್ರವಾರ ಗೊಂಬೆ ಮುಟ್ಟಲ್ಲ ಅಂದ್ರಲ್ಲಮ್ಮಾ?"

"ಮುಟ್ಟಲ್ಲ. ಎತ್ತಿದ್ದು ಶನಿವಾರ" ಎಂದ ಶ್ರೀವಿದ್ಯಾ ಪರದೆಯ ಮೂಲೆಯ ತಾರೀಕನ್ನು ಮತ್ತೆ ಓದುತ್ತಾರೆ.

ಈಗ ಏಕಾಂತಯ್ಯನ ಕಣ್ಣು ಡಬ್ಬಿಯ ಮೇಲಿನ ಕುಂಕುಮಕ್ಕೆ ಹೋಗುತ್ತದೆ. ಆಯುಧಪೂಜೆಯ ದಿನ ಇದರ ಸ್ವಿಚ್ಚು ಆರಿಸಿದ್ದಿರಾ ಎಂದು ಕೇಳುತ್ತಾರೆ. ಆರಿಸದೆ ಇರುವುದುಂಟೇ ಎಂದು ಭಾಗೀರಥಮ್ಮನಿಗೆ ಆಶ್ಚರ್ಯ. ಹೊಲಿಗೆ ಯಂತ್ರ, ಗ್ರೈಂಡರು, ಕಾರು, ಎಲ್ಲಕ್ಕೂ ಆ ದಿನ ವಿಶ್ರಾಂತಿ. ಪೂಜೆಗಿಟ್ಟದ್ದನ್ನು ಮರುದಿನ ವಿಜಯದಶಮಿಗೇ ಮತ್ತೆ ಮುಟ್ಟುವುದು. ಬುಧವಾರ ಬೆಳಿಗ್ಗೆ ಎಂಟಕ್ಕೆ ಆರಿಸಿ, ಗುರುವಾರ ಎಂಟಕ್ಕೆ ಮಂಗಳಾರತಿ ಎತ್ತಿ ಹಚ್ಚಿದ್ದಾರೆ.

ಕರೆಂಟು ಇಲ್ಲದಾಗ ಗಡಿಯಾರವನ್ನು ನಡೆಸಲು ಡಬ್ಬಿಯೊಳಗೆ ಕೋಟಿನ ಗುಂಡಿಯಷ್ಟು ದೊಡ್ಡ ಸೆಲ್ ಒಂದಿರುತ್ತದೆ. ಏಕಾಂತಯ್ಯ ತಿರುಪು ಬಿಚ್ಚಿ ಅದನ್ನು ಹೊರತೆಗೆದು ಮೀಟರಿಗೆ ಮುಟ್ಟಿಸುತ್ತಾರೆ. ಮುಳ್ಳು ಅಲುಗುವುದಿಲ್ಲ. ಆ ಒಂದು ದಿನ ಗಡಿಯಾರವೂ ನಿದ್ದೆ ಹೋಗಿದೆ. ಎಚ್ಚರವಾದಾಗ, ಕೊನೆಗೆ ಬರೆದುಕೊಂಡಿದ್ದ ಹೊತ್ತನ್ನೇ ಹಿಡಿದು, ಇನ್ನೂ ಬುಧವಾರ ಬೆಳಗಿನ ಎಂಟು ಗಂಟೆಯೇ ಎಂದುಕೊಂಡು ನಡೆದಿದೆ. ಗಂಟೆ ಸರಿಯಾಗಿ ಹೊಂದಿಕೊಂಡದ್ದರಿಂದ ದಿನ ತಪ್ಪಿದ್ದು ಬೇಗ ಯಾರಿಗೂ ಹೊಳೆದಿಲ್ಲ. ಹಾಗಾದರೆ ಇವತ್ತು ಸರಿಯಾಗಿ ತೋರಿಸುತ್ತಿರುವುದು ಹೇಗೆ? ರಾಘವ ನೆಲ ನೋಡುತ್ತಾ, ಭಾನುವಾರ ರಾತ್ರಿ ತಾರೀಕು ತಪ್ಪಾಗಿ ಕಂಡಿತೆಂದು ಫೋನಿನಿಂದಲೇ ತಿದ್ದಿದ್ದಾಗಿ ಹೇಳುತ್ತಾರೆ. ತಿದ್ದಿದರೆ ಹಿಂದಿನದೂ ಸರಿಹೋಗುತ್ತದೆ ಎಂದುಕೊಂಡಿದ್ದರಂತೆ.

"ಇನ್ಮುಂದಿನದ್ದು ಸರಿಹೋಗುತ್ತೆ ಸಾರ್. ಆಗ್ಲೇ ಬರ್ಕೊಂಡಿದ್ದನ್ನ ಅದು ತಿದ್ದಲ್ಲ" ಎಂದ ಏಕಾಂತಯ್ಯ ಸೇರಿಸುತ್ತಾರೆ. "ಕೂರಿಸೋ ದಿನಾನೇ ನಾನು ಈ ಸೆಲ್ ನೋಡ್ಬೇಕಾಗಿತ್ತು. ನೋಡ್ಲಿಲ್ಲ. ತಪ್ಪು ನಂದೂ ಇದೆ."

ಶುಕ್ರವಾರವೆಂದು ಬರೆದ ಶನಿವಾರ ಮತ್ತೆ ಓಡುತ್ತದೆ. ಒಂಬತ್ತೂ ನಲವತ್ತಕ್ಕೆ ಭಾಗೀರಥಮ್ಮ ಕೋಣೆಯಿಂದ ಹೊರಬರುತ್ತಾರೆ. ಒಂದು ಕೈಯಲ್ಲಿ ಪಟ್ಟದ ರಾಣಿಗೊಂಬೆ, ಇನ್ನೊಂದು ಕೈಯಲ್ಲಿ ಹಳದಿ ಮಿಂಚು. ಆಗ ಬೀದಿಯಿಂದ ಯಾರೋ ಕರೆದಿರಬೇಕು, ಬಾಗಿಲ ಕಡೆ ತಿರುಗುತ್ತಾರೆ. ಏನೋ ಮಾತಾಡುತ್ತಲೇ ಕೈಯಲ್ಲಿದ್ದುದನ್ನು ರಾಣಿಯ ರೇಷ್ಮೆಯೊಳಗೆ ಸಿಕ್ಕಿಸಿ, ಪಂಚೆ ಸುತ್ತಿ, ಪೆಟ್ಟಿಗೆಗೆ ಇಳಿಸುತ್ತಾರೆ. ಹನ್ನೊಂದಕ್ಕೆ ಬರುವ ಮುನಿತಾಯಮ್ಮ ಕಾಲಿಡುವಾಗ ಆ ಪೆಟ್ಟಿಗೆ ಅಟ್ಟ ಸೇರಿ ಅರ್ಧ ಗಂಟೆಯಾಗಿದೆ.

ರಾಘವ ಏಣಿ ಹತ್ತಿ ಪೆಟ್ಟಿಗೆ ಇಳಿಸುತ್ತಾರೆ. ಪಂಚೆ ಬಿಚ್ಚಿದಾಗ ರಾಣಿಗೊಂಬೆಯ ಸೊಂಟದಿಂದ ಸರ ಜಾರಿ ನೆಲಕ್ಕೆ ಬೀಳುತ್ತದೆ. ಭಾಗೀರಥಮ್ಮ ಅದನ್ನು ಎತ್ತಿಕೊಳ್ಳುವುದಿಲ್ಲ. ಮುನಿತಾಯಮ್ಮನ ಕೈ ಹಿಡಿಯಲು ಹೋಗುತ್ತಾರೆ. ಮುನಿತಾಯಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ.

ಶ್ರೀವಿದ್ಯಾ ಅಳುತ್ತಲೇ ಗುಂಪಿಗೆ ಇನ್ನೊಂದು ಸುದ್ದಿ ಹಾಕಿ, ಎಂದಿನಂತೆ ಹನ್ನೊಂದಕ್ಕೆ ಬರಬೇಕೆಂದು ಮುನಿತಾಯಮ್ಮನನ್ನು ಕೇಳಿಕೊಳ್ಳುತ್ತಾರೆ. ನೋಡ್ತೀನಿ ಎಂದಷ್ಟೇ ಹೇಳಿ ಮುನಿತಾಯಮ್ಮ ಏಕಾಂತಯ್ಯನ ಕಡೆ ತಿರುಗುತ್ತಾರೆ. "ಫೋನಲ್ಲಿ ಹಾಕಿದ್ದನ್ನ ಯಾರು ಓದ್ತಾರೋ ಯಾರು ಬಿಡ್ತಾರೋ. ನನ್ ಕೈಗೆ ಏನಾದ್ರೂ ಬರ್ಕೊಡಿ ಅಣ್ಣಾ."

ಏಕಾಂತಯ್ಯ ರಸೀತಿ ಪುಸ್ತಕದ ಹಾಳೆ ಹರಿದು, ಅದರ ಬೆನ್ನಿಗೆ ಮೆಟ್ಟಿಲ ಮೇಲೆ ಕೂತು ಬರೆಯುತ್ತಾರೆ. ಗಡಿಯಾರ ಒಂದು ದಿನ ಹಿಂದಿದ್ದದ್ದು, ಸೆಲ್ ಸತ್ತಿದ್ದದ್ದು, ಸರ ಮನೆಯ ಪೆಟ್ಟಿಗೆಯಲ್ಲೇ ಸಿಕ್ಕದ್ದು, ಮುನಿತಾಯಮ್ಮ ಏನೂ ತೆಗೆದಿಲ್ಲ ಎಂಬುದು. ಮುನಿತಾಯಮ್ಮನಿಗೆ ಓದು ಬರುವುದಿಲ್ಲ, ಒಂದು ಸಲ ಓದಿಸಿ ಕೇಳುತ್ತಾರೆ. "ಏನೂ ತೆಗೆದಿಲ್ಲ ಅನ್ನೋದನ್ನ ಮೇಲಕ್ಕೆ ಹಾಕಿ. ಕೊನೇವರ್ಗೂ ಯಾರ್ ಓದ್ತಾರೆ?" ಏಕಾಂತಯ್ಯ ಇನ್ನೊಂದು ಹಾಳೆ ಹರಿಯುತ್ತಾರೆ. ಕೆಳಗೆ ರಾಘವ ರುಜು ಹಾಕುತ್ತಾರೆ. ಯಾರೂ ಕೇಳದಿದ್ದರೂ ಭಾಗೀರಥಮ್ಮ ಕನ್ನಡಕ ತರಿಸಿಕೊಂಡು ತಾವೂ ರುಜು ಹಾಕುತ್ತಾರೆ.

ಮುಂದಿನ ಕೆಲಸವಿರುವ ಮಲ್ಲೇಶ್ವರದ ಮನೆಯವರು ಎಂಟು ಗಂಟೆಯಿಂದ ಏಕಾಂತಯ್ಯನಿಗೆ ಫೋನು ಮಾಡುತ್ತಲೇ ಇದ್ದಾರೆ. ಏಕಾಂತಯ್ಯ ಸ್ಕೂಟರಿಗೆ ಏಣಿ ಬಿಗಿದು ಬೀದಿಯ ತುದಿಯಲ್ಲಿ ನಿಂತಿದ್ದಾರೆ. ನಾಲ್ಕು ಮನೆ ಆಚೆ, ಬರಬೇಡ ಎಂದಿದ್ದವರ ಮುಚ್ಚಿದ ಗೇಟಿನ ಸರಳುಗಳ ನಡುವಿನಿಂದ ಮುನಿತಾಯಮ್ಮ ಚೀಟಿಯನ್ನು ಒಳಗೆ ಚಾಚುತ್ತಾರೆ. ಒಳಗಿನ ಹೆಂಗಸು ಅದನ್ನು ಓದುತ್ತಾರೆ, ಮತ್ತೊಮ್ಮೆ ಓದುತ್ತಾರೆ. ಅಗುಳಿ ಸರಿಯುವ ಸದ್ದು ಇಲ್ಲಿಯವರೆಗೂ ಕೇಳುತ್ತದೆ.

ಏಕಾಂತಯ್ಯ ಹೆಲ್ಮೆಟ್ಟು ಹಾಕಿಕೊಳ್ಳುತ್ತಾರೆ. "ಎರಡು ಸಾವಿರ ಮನೆಗೆ ಡಬ್ಬಿ ಕೂರಿಸಿರಬಹುದು. ಅದು ತೋರಿಸಿದ್ದನ್ನ ಎಲ್ರೂ ನಂಬ್ತಾರೆ. ನಾನು ಬರೆದಿದ್ದನ್ನ ಒಬ್ರು ನಂಬಿದ್ದು ಇದೇ ಮೊದ್ಲು. ಇನ್ನೆರಡು ಗೇಟು ಇದೆ, ಅವ್ರೂ ತೆಗೆದ್ರೆ ಸಾಕು."