ಟೇಪು ಹಚ್ಚಿದ ಬಾಗಿಲು

ನನ್ನ ಅತ್ತಿಗೆ ಹನ್ನೊಂದು ವರ್ಷ ಬೆವರು ಸುರಿಸಿ ಸಂಪಾದಿಸಿದ ಹೆಸರು ಒಂದೇ ದಿನದಲ್ಲಿ ಮಣ್ಣುಪಾಲಾಯಿತು. ಅದಕ್ಕೆ ಯಾರ್ಯಾರು ಕಾರಣ ಎಂದು ಇವತ್ತು ಹೇಳಿಯೇ ತೀರುತ್ತೇನೆ. ಒಬ್ಬರನ್ನೂ ಬಿಡುವುದಿಲ್ಲ.

ಮೊದಲು ಈ ಕಾರಿನವರು. ಕಾರಿನ ಮೇಲೆ ಪ್ರೀತಿಯೋ ಪ್ರೀತಿ. ಬೆಳಗೆದ್ದು ಒಣ ಬಟ್ಟೆ ಹಿಡಿದು ಧೂಳು ಒರೆಸುತ್ತಾರೆ. ಧೂಳೆಂದರೆ ಮರಳು ಕಣ್ರೀ! ಅದನ್ನು ಒಣ ಬಟ್ಟೆಯಲ್ಲಿ ಗರಗರ ತಿಕ್ಕಿದರೆ ಬಣ್ಣ ಏನಾಗಬೇಕು? ಬಿಸಿಲಿಗೆ ನಿಲ್ಲಿಸಿ ನೋಡಿದರೆ ಮೈತುಂಬಾ ಸುರುಳಿ ಸುರುಳಿ ಗೀರು, ಜೇಡರ ಬಲೆ ಕಟ್ಟಿದ ಹಾಗೆ. ಆಮೇಲೆ ನಮ್ಮ ವರ್ಕ್‌ಶಾಪಿಗೆ ತಂದು, "ಸಂಜೆಯೊಳಗೆ ಹೊಸದರ ಥರ ಮಾಡಿ ಕೊಡಿ" ಎನ್ನುತ್ತಾರೆ. ನಾಚಿಕೆಯಾದರೂ ಬೇಡವೇ?

ಆ ಗೀರುಗಳನ್ನು ತೆಗೆಯುತ್ತಿದ್ದವರು ಅತ್ತಿಗೆ. ನಾನು ಅದೇ ಶೆಡ್ಡಿನಲ್ಲಿ, ಅವರಿಂದ ಆರಡಿ ದೂರದಲ್ಲಿ ಕೂತು ಸೀಟ್ ಕವರ್ ಹೊಲಿಯುತ್ತೇನೆ. ಬಾಯಿ ಜಾಸ್ತಿ ಎಂದು ಅತ್ತಿಗೆ ನನಗಿಟ್ಟ ಹೆಸರು ಪಟಾಕಿ.

ಅವರು ಅಲ್ಲಿಗೆ ಬಂದದ್ದು ನೆಲ ತೊಳೆಯುವ ಕೆಲಸಕ್ಕೆ. ಪಾಲಿಶ್ ಮಿಷನ್ ಮುಟ್ಟಲು ಯಾರೂ ಬಿಡಲಿಲ್ಲ. ಗುಜರಿಯಿಂದ ಒಂದು ಹಳೇ ಬಾನೆಟ್, ಒಂದು ಹಳೇ ಮಿಷನ್ ತಂದು ನಮ್ಮ ಮನೆಯ ಹಿತ್ತಲಿನಲ್ಲಿ ಇಟ್ಟುಕೊಂಡರು. ಬಣ್ಣದ ಮೇಲೆ ಗಾಜಿನಂಥ ಒಂದು ತೆಳು ಪದರ ಇರುತ್ತದೆ. ಪಾಲಿಶ್ ಎಂದರೆ ಗೀರಿನ ತಳ ಸಿಗುವವರೆಗೆ ಆ ಪದರವನ್ನು ಸವೆಸುವುದು, ಅಷ್ಟೆ. ಅತಿಯಾಗಿ ಸವೆಸಿದರೆ ಬಣ್ಣವೇ ಕಿತ್ತು ಬರುತ್ತದೆ; ಅದಕ್ಕೆ ನಾವು ಸುಡುವುದು ಎನ್ನುತ್ತೇವೆ. ಮತ್ತೆ ಬೆಳೆಯಲು ಅದೇನು ಉಗುರೇ? ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು ಅತ್ತಿಗೆ ಆ ಬಾನೆಟ್ಟನ್ನು ಬೇಕೆಂದೇ ಹತ್ತು ಕಡೆ ಸುಟ್ಟರು. "ಹಾಳಾಗೋದು ಹೇಗೆ ಅಂತ ಗೊತ್ತಿಲ್ದೆ ಇದ್ರೆ ಉಳಿಸೋದು ಹೇಗೋ?" ಎನ್ನುತ್ತಿದ್ದರು. ಕಡೆಗೆ ಮಾಲೀಕನೇ ಮಿಷನ್ ಕೊಟ್ಟ ಮೇಲೆ ಅವರ ಕೈಯಲ್ಲಿ ಒಂದು ಕಾರೂ ಕೆಟ್ಟದ್ದಿಲ್ಲ. ಗಿರಾಕಿಗಳು "ಆ ಅಮ್ಮನೇ ಮಾಡ್ಲಿ" ಎಂದು ಕಾಯುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಮಿಷನ್ ಹಿಡಿಯುವ ಮೊದಲು ಬಣ್ಣದ ದಪ್ಪ ಅಳೆಯುವ ಮೀಟರನ್ನು ಕಾರಿನ ಒಂದೊಂದು ಭಾಗಕ್ಕೂ ಇಟ್ಟು ನೋಡಿ, ಬಂದ ಅಂಕಿಯನ್ನು ನೀಲಿ ಟೇಪಿನ ಮೇಲೆ ಬರೆದು ಅಲ್ಲೇ ಅಂಟಿಸುವುದು.

ಹಲ್ಲಿನ ಡಾಕ್ಟರಮ್ಮನ ಕಪ್ಪು ಕಾರು ಬಂತು. ಮೈಯೆಲ್ಲ ಸುರುಳಿ ಗೀರು. ಮುಂದಿನ ಬಾಗಿಲಲ್ಲಿ ಯಾರೋ ಪುಣ್ಯಾತ್ಮ ಬೀಗದ ಕೈಯಿಂದ ಎಳೆದ ಒಂದು ಉದ್ದ ಗೀರು ಬೇರೆ. ಎಲ್ಲ ಕಡೆ ಮೀಟರು ನೂರರ ಮೇಲೆ ತೋರಿಸಿದರೆ ಆ ಬಾಗಿಲಲ್ಲಿ ಅರವತ್ತೆಂಟು.

"ಸಾರ್, ಈ ಬಾಗಿಲನ್ನ ಹಿಂದೆ ಯಾರೋ ಉಜ್ಜಿ ಉಜ್ಜಿ ಇಟ್ಟಿದ್ದಾರೆ," ಎಂದರು ಅತ್ತಿಗೆ ಮಾಲೀಕನಿಗೆ. "ಇನ್ನು ಮಿಷನ್ ಇಟ್ರೆ ಬಣ್ಣ ಎದ್ದು ಬರತ್ತೆ. ಈ ಗೀರು ಹಾಗೇ ಇರ್ಲಿ. ಡಾಕ್ಟರಮ್ಮಂಗೆ ನಾನೇ ಹೇಳ್ತೀನಿ."

"ಗೀರು ಇಟ್ಕೊಂಡು ಕಾರು ಆಚೆ ಹೋದ್ರೆ ನನ್ನ ಮರ್ಯಾದೆ ಏನಾಗ್ಬೇಕು?"

ಅತ್ತಿಗೆ ಟೇಪಿನ ಮೇಲೆ '೬೮, ಮುಟ್ಟಬೇಡಿ' ಎಂದು ದಪ್ಪಗೆ ಬರೆದು ಬಾಗಿಲಿಗೆ ಹಚ್ಚಿದರು. ಎರಡು ದಿನ ಬೆನ್ನು ಬಗ್ಗಿಸಿ ಉಳಿದ ಕಾರನ್ನೆಲ್ಲ ಪಾಲಿಶ್ ಮಾಡಿದರು. ಮೇಲಿನ ಟ್ಯೂಬ್‌ಲೈಟಿನ ಮೇಲೆ ಕೂತ ನೊಣ ಬಾನೆಟ್ಟಿನಲ್ಲಿ ಕಾಣುತ್ತಿತ್ತು, ಸುಳ್ಳಲ್ಲ.

ಎರಡನೇ ದಿನ ಮಧ್ಯಾಹ್ನ ಅತ್ತಿಗೆ ಊಟಕ್ಕೆ ಹೋದರು. ಆಗ ಬಂದ ನಮ್ಮ ಮಾಲೀಕ, ಮಹಾರಾಯ! ಟೇಪು ಕಿತ್ತು ಜೇಬಿಗೆ ಹಾಕಿಕೊಂಡ. ಮಿಷನ್ ಹಿಡಿದು ಅದೇ ಗೀರಿನ ಮೇಲೆ ಒತ್ತಿದ. ಹಿಡಿಯಲು ಸರಿಯಾಗಿ ಬರಬೇಕಲ್ಲ! ಅರೆಕ್ಷಣದಲ್ಲಿ ಮಿಷನ್ನಿನ ಬಿಳಿ ಸ್ಪಂಜಿನ ಪ್ಯಾಡಿಗೆ ಕಪ್ಪು ಬಣ್ಣ ಹತ್ತಿತು. ಬಾಗಿಲಲ್ಲಿ ಅಂಗೈಯಗಲ ಬೂದು ಕಲೆ. ಮಿಷನ್ ಕೆಳಗಿಟ್ಟು ಸುತ್ತ ನೋಡಿದ. ನನ್ನನ್ನೂ ನೋಡಿದ. ಕೈ ಒರೆಸಿಕೊಂಡು ಆಫೀಸಿಗೆ ಹೋದ.

ಊಟ ಮುಗಿಸಿ ಬಂದ ಅತ್ತಿಗೆ ಕಲೆಯನ್ನು ನೋಡಿ ಟೇಪು ಎಲ್ಲಿ ಹೋಯಿತೆಂದು ನೆಲದ ಮೇಲೆ ಹುಡುಕತೊಡಗಿದರು. ಅಷ್ಟರಲ್ಲೇ ಡಾಕ್ಟರಮ್ಮ ಬಂದರು.

"ಯಾರ್ರೀ ಮಾಡಿದ್ದು ಇದು?"

ಮಾಲೀಕ ನಾಚಿಕೆಯಿಲ್ಲದೆ ಕೈಮುಗಿದ. "ಹೆಂಗಸಿನ ಕೈಗೆ ಮಿಷನ್ ಕೊಟ್ಟಿದ್ದು ನನ್ನ ತಪ್ಪು ಮೇಡಂ."

ಹೆಂಗಸಿನ ಕೈಯಂತೆ! ಆ ಕೈಯಿಂದಲೇ ಅಲ್ಲವೇ ಇವನ ಅಂಗಡಿಯ ಬಾಗಿಲು ತೆರೆದೇ ಇದ್ದದ್ದು?

"ನಾನು ಆ ಬಾಗಿಲು ಮುಟ್ಟಿಲ್ಲಮ್ಮ," ಎಂದರು ಅತ್ತಿಗೆ. "ಟೇಪು ಹಾಕಿದ್ದೆ. ನಾನು ಊಟಕ್ಕೆ ಹೋದಾಗ ನನ್ನ ಮೈದುನ ಇಲ್ಲೇ ಕೂತಿದ್ದ. ಅವನನ್ನೇ ಕೇಳಿ."

ಮೂವರೂ ನನ್ನ ಕಡೆ ತಿರುಗಿದರು. ಮಾಲೀಕನ ಕೈ ಜೇಬಿನ ಮೇಲಿತ್ತು.

ಒಬ್ಬರನ್ನೂ ಬಿಡುವುದಿಲ್ಲ ಎಂದೆನಲ್ಲ, ಕೇಳಿ. ಮನೆಯಲ್ಲಿ ಅನ್ನ ಒಂದಗುಳು ಗಟ್ಟಿಯಾದರೆ ಮನೆ ತಲೆಕೆಳಗು ಮಾಡುವ ನಾನು, ಬಸ್ಸಿನಲ್ಲಿ ಕಾಲು ತುಳಿದವನ ವಂಶವನ್ನೆಲ್ಲ ಜಾಲಾಡುವ ನಾನು, ಸೂಜಿಗೆ ದಾರ ಪೋಣಿಸುತ್ತಾ ಹೇಳಿದೆ: "ನಾನು ಹೊಲಿಗೇಲಿದ್ದೆ. ನೋಡ್ಲಿಲ್ಲ."

ಅತ್ತಿಗೆ ನನ್ನನ್ನು ಬೈಯಲಿಲ್ಲ. ತಮ್ಮ ಪ್ಯಾಡುಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟರು. ಕಾರು ಸುಟ್ಟವಳು ಎಂಬ ಮಾತು ಅವರಿಗಿಂತ ಮೊದಲೇ ಉಳಿದ ವರ್ಕ್‌ಶಾಪುಗಳನ್ನೆಲ್ಲ ತಲುಪಿತ್ತು. ಎಲ್ಲಿಯೂ ಕೆಲಸ ಸಿಗಲಿಲ್ಲ. ಮನೆಯಲ್ಲಿ ಅಣ್ಣನಿಗೂ ಅವರು ನನ್ನ ವಿಷಯ ಹೇಳಲಿಲ್ಲ. ತಟ್ಟೆಗೆ ಎಂದಿನಂತೆ ಬಡಿಸಿದರು. ನಾನೂ ಎಂದಿನಂತೆ ತಿಂದೆ, ಥೂ ನನ್ನ ಜನ್ಮಕ್ಕಿಷ್ಟು.

ಐದು ತಿಂಗಳ ಮೇಲೆ, ಹೋದ ಭಾನುವಾರ, ಪಕ್ಕದ ಮನೆಯವರು ಧೈರ್ಯ ಮಾಡಿ ತಮ್ಮ ಕಾರನ್ನು ಅತ್ತಿಗೆಯ ಕೈಗೆ ಕೊಟ್ಟರು. ಬೀದಿಯವರೆಲ್ಲ ನೋಡಲು ನಿಂತಿದ್ದರು. ಅತ್ತಿಗೆ ಬಾನೆಟ್ಟಿಗೆ ಮೀಟರು ಇಟ್ಟು, ಟೇಪು ಅಂಟಿಸಿ, ನಮ್ಮ ಕಿಟಕಿಯ ಕಡೆ ತಿರುಗಿದರು.

"ಬಾರೋ ಪಟಾಕಿ, ಈ ನಂಬರ್ ಓದು. ಗಟ್ಟಿಯಾಗಿ ಓದು. ನಾಳೆ ಯಾರಾದ್ರೂ ಕೇಳಿದ್ರೆ ನೋಡ್ಲಿಲ್ಲ ಅನ್ನೋ ಹಾಗಿರ್ಬಾರ್ದು."

ಹೋಗಿ ಕಾರಿನ ಪಕ್ಕ ನಿಂತೆ. "ನೂರ ಹದಿನಾಲ್ಕು," ಎಂದೆ. ಆ ಟೇಪಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

"ಕೇಳಿಸ್ಲಿಲ್ಲ," ಎಂದರು ಅತ್ತಿಗೆ.