ಖಾಲಿ ಬಟ್ಟಲು ವಾಪಸ್ ಕೊಡಬಾರದು

ಸಿಟ್ಟು ನನಗೆ ಒಗ್ಗುವುದಿಲ್ಲ. ಸಿಟ್ಟು ಬಂದ ಕೂಡಲೇ ರಕ್ತದೊತ್ತಡ ನೆನಪಾಗುತ್ತದೆ, ಆಮೇಲೆ ಜಿಪಿ ಡಾಕ್ಟರು ನೆನಪಾಗುತ್ತಾರೆ, ಅಪಾಯಿಂಟ್‌ಮೆಂಟ್ ಸಿಗಲಿಕ್ಕಿಲ್ಲ ಎಂಬ ಚಿಂತೆಯಲ್ಲಿ ಸಿಟ್ಟು ಅರ್ಧಕ್ಕೇ ನಿಂತುಬಿಡುತ್ತದೆ. ಆದರೂ ಎರಡು ಸಾವಿರದ ಇಸವಿ ದಾಟಿದ ಮೇಲೆ ಒಮ್ಮೆ, ಲಂಡನ್ನಿನ ಹೌನ್ಸ್ಲೋದ ಫ್ಲ್ಯಾಟಿನಲ್ಲಿದ್ದಾಗ, ಒಂದು ಚಹಾ ಬಟ್ಟಲಿನ ದೆಸೆಯಿಂದ ತಿಂಗಳಿಡೀ ಸಿಟ್ಟಿನಲ್ಲೇ ಕಳೆದೆ. ಅವ್ವನ ಮೇಲೆ, ಹೆಂಡತಿಯ ಮೇಲೆ, ಕೆಳಗಿನ ಮನೆಯ ಜಪಾನಿ ಅಜ್ಜಿಯ ಮೇಲೆ. ಅವೆಲ್ಲ ಇಳಿದವು. ನನ್ನ ಮೇಲೆ ಬಂದದ್ದು ಮಾತ್ರ ಇನ್ನೂ ಇಳಿದಿಲ್ಲ.

ಲಿಫ್ಟ್ ಕೆಟ್ಟ ದಿನ ಅಜ್ಜಿಯ ಸಾಮಾನಿನ ಚೀಲ ಹೊತ್ತು ಮೇಲೆ ತಂದುಕೊಟ್ಟದ್ದೇ ನಮ್ಮ ಪರಿಚಯ. ಗಂಡ ಇಂಗ್ಲೆಂಡಿನವರು, ತೀರಿಕೊಂಡಿದ್ದರು, ಅಜ್ಜಿ ಒಬ್ಬರೇ. ಅಂದಿನಿಂದ ಪ್ರತಿ ಗುರುವಾರ, ನನ್ನ ವಾರದ ರಜೆಯ ದಿನ, ಮಧ್ಯಾಹ್ನ ಮೂರಕ್ಕೆ ಅವರಲ್ಲಿ ಚಹಾ. ಹಸಿರು ಪುಡಿಗೆ ಬಿಸಿನೀರು ಹಾಕಿ ಬಿದಿರಿನ ಪುಟ್ಟ ಕಡೆಗೋಲಿನಿಂದ ನೊರೆ ಬರಿಸಿ ಕೊಡುತ್ತಿದ್ದರು. ರುಚಿ ಥೇಟ್ ಕಷಾಯ. ನಾನು ಹೋಗುತ್ತಿದ್ದದ್ದು ಬಟ್ಟಲಿಗಾಗಿ ಎಂದರೂ ತಪ್ಪಿಲ್ಲ. ಎರಡೂ ಅಂಗೈ ತುಂಬುವಷ್ಟು ಅಗಲ, ಅಂಚು ತುಸು ಓರೆ, ಹಾಲಿನ ಕೆನೆಯ ಬಣ್ಣ. ಹಿಡಿದರೆ ಬಿಸಿ ಕೈಗೆ ಮೆಲ್ಲಗೆ ಬರುತ್ತಿತ್ತು. ಮೇಲಿನ ಲೇಪದ ತುಂಬ ಕೂದಲೆಳೆಯಂಥ ಬಿರುಕುಗಳ ಬಲೆ.

"ಬಿರುಕು ಬಿಟ್ಟಿದೆ!" ಎಂದು ಮೊದಲ ದಿನವೇ ಗಾಬರಿಯಿಂದ ಹೇಳಿದ್ದೆ. ನನ್ನ ಕಸುಬೇ ಅದು. ಫೆಲ್ಥಮ್ ಹತ್ತಿರದ ಏರ್‌ಪೋರ್ಟ್ ಗೋದಾಮಿನಲ್ಲಿ ಒಡೆದ ಪೆಟ್ಟಿಗೆಗಳ ವರದಿ ಬರೆಯುತ್ತಿದ್ದೆ: ಏನು ಒಡೆಯಿತು, ಯಾವಾಗ, ಯಾರ ಕೈಯಲ್ಲಿ.

"ಅದು ಸುಡುವ ಗೂಡಿನಿಂದ ಬಂದದ್ದೇ ಹಾಗೆ," ಎಂದರು ಅಜ್ಜಿ. "ಚಹಾ ಒಳಗೆ ಇಳಿಯುತ್ತದೆ. ನಲವತ್ತು ವರ್ಷ ಕುಡಿದಿದ್ದೇನೆ. ನೋಡು, ಗೆರೆಗಳು ಕಂದು ಬಣ್ಣಕ್ಕೆ ತಿರುಗಿವೆ." ಅವರ ಅಣ್ಣ ಕೈಯಾರೆ ಮಾಡಿದ ಬಟ್ಟಲು. ಅಣ್ಣ ಈಗಿಲ್ಲ.

ಆ ಚಳಿಗಾಲದಲ್ಲಿ ಧಾರವಾಡದಿಂದ ಅವ್ವ ಬಂದಿದ್ದಳು. ನನಗೆ ಜ್ವರ ಬಂತು. ಸೋಮವಾರ ಅಜ್ಜಿ ಅದೇ ಬಟ್ಟಲಿನಲ್ಲಿ ಚಹಾ ಮಾಡಿ, ಎರಡೂ ಕೈಯಲ್ಲಿ ಹಿಡಿದು, ಮೆಟ್ಟಿಲು ಹತ್ತಿ ತಂದುಕೊಟ್ಟರು. "ಗುರುವಾರ ಬರುವಾಗ ತಾ," ಎಂದು ಹೇಳಿ ಇಳಿದು ಹೋದರು.

ಗುರುವಾರ ಬೆಳಿಗ್ಗೆ ಅಡಿಗೆಮನೆಯಲ್ಲಿ ನೋಡುತ್ತೇನೆ, ಬಟ್ಟಲಿನ ಮೇಲೆ ತಟ್ಟೆ ಮುಚ್ಚಿದೆ. ತಟ್ಟೆ ತೆಗೆದೆ. ಒಳಗೆ ಮಾವಿನಕಾಯಿ ಉಪ್ಪಿನಕಾಯಿ, ಮೇಲೆ ಒಂದು ಬೆರಳು ಎಣ್ಣೆ.

"ಅವ್ವಾ! ಇದು ಚಾ ಕುಡಿಯೂ ಬಟ್ಟಲ!"

"ತೊಳದ ಹಾಕೀನಿ ತಗೋ. ಮಂಗಳವಾರನ ತುಂಬಿಟ್ಟೀನಿ, ಚೊಲೋ ಕಳಿತೈತಿ. ಮಂದಿ ಮನಿ ಭಾಂಡೆ ಖಾಲಿ ತಿರುಗಿ ಕೊಡ್ತಾರೇನು? ಲಂಡನ್ನಿಗೆ ಬಂದು ಅದನ್ನೂ ಮರ್ತಿ?"

"ಬಟ್ಟಲ ಹೋತಲ್ಲ ಬೇ!"

"ಎಲ್ಲಿ ಹೋತು? ನಿನ್ನ ಕೈಯಾಗ ಐತಲ್ಲ. ಮೊದಲ ಓರೆ, ಮ್ಯಾಲ ಬಿರುಕು. ಸೌತ್‌ಹಾಲ್‌ನಾಗ ಇದಕ್ಕಿಂತ ನೆಟ್ಟಗಿದ್ದುವನ್ನ ರಾಶಿ ಹಾಕಿ ಮಾರ್ತಾರ. ಒಂದು ತಂದು ಕೊಡು ಆಕಿಗೆ."

ಕೂಗಾಡಿದೆ. ಅವ್ವನಿಗೆ ಹಾಗೆ ಎದುರಾಡಿದ್ದು ಅದೇ ಮೊದಲು. ಅವಳು ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದವಳು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ತಪ್ಪೇನು ಅವಳದು? ನಮ್ಮ ಓಣಿಯಲ್ಲಿ ಬಟ್ಟಲು ಖಾಲಿ ಹಿಂತಿರುಗಿಸಿದ್ದರೆ ನನಗೇ ನಾಚಿಕೆಯಾಗುತ್ತಿತ್ತು. ಅದು ಗೊತ್ತಿದ್ದೂ ಕೂಗಾಡಿದೆ.

ಉಪ್ಪಿನಕಾಯಿ ತೆಗೆದಾಗ ಒಳಗೋಡೆ ಅರಿಷಿಣವಾಗಿತ್ತು. ಒಂದೊಂದು ಬಿರುಕಿನಲ್ಲೂ ಹಳದಿ ಇಳಿದಿತ್ತು.

"ಕೆಳಗ ಹೋಗಿ ಹಿಂಗಾತು ಅಂತ ಹೇಳಿ ಬರ್ರಿ," ಎಂದಳು ಹೆಂಡತಿ. "ಐದು ಮಿನಿಟಿನ ಮಾತು."

"ಅವರ ಅಣ್ಣ ಮಾಡಿದ್ದದು. ಏನಂತ ಹೇಳಲಿ?"

"ಉಪ್ಪಿನಕಾಯಿ ಅಂತ ಹೇಳ್ರಿ. ಇಡೀ ದಿನ ಮಂದಿ ಒಡದದ್ದನ್ನ ಬರೀತೀರಿ, ನಿಮ್ಮ ಮನ್ಯಾಗಿಂದು ಬಂದ್ರ ಪೆನ್ನಿನ್ಯಾಗ ಶಾಯಿ ಖಾಲಿ!"

ಅವಳ ಮೇಲೂ ರೇಗಿದೆ, ಸರಿಯಾದದ್ದನ್ನೇ ಹೇಳಿದ್ದಕ್ಕೆ. ಆಮೇಲೆ ಕೆಳಗೆ ಹೋಗಿ ಅಜ್ಜಿಯ ಬಾಗಿಲಲ್ಲಿ ನಿಂತು ಕೆಮ್ಮಿದೆ. ಜ್ವರ ಇನ್ನೂ ಇದೆ, ಈ ವಾರ ಬೇಡ ಎಂದೆ. ಅಜ್ಜಿ ಪಾಪ, ಶುಂಠಿ ಕೊಟ್ಟು ಕಳಿಸಿದರು. ಆ ಶುಂಠಿಯನ್ನು ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ ನಾನು ಎಂಥ ಮನುಷ್ಯ ಎಂದು ನನಗೇ ಹೇಸಿಗೆಯಾಯಿತು. ಆದರೂ ಹತ್ತಿದೆ.

ಸೋಪು ಹಾಕಿ ತಿಕ್ಕಿದೆ. ಹುಣಸೆಹಣ್ಣು ಹಚ್ಚಿದೆ. ನಿಂಬೆಹಣ್ಣು ಹಚ್ಚಿ ಕಿಟಕಿಯಲ್ಲಿಟ್ಟು ಜನವರಿಯ ಲಂಡನ್ನಿನ ಸೂರ್ಯನಿಗಾಗಿ ಕಾದೆ. ಕೊನೆಗೆ ಕೆಲಸಕ್ಕೆ ಹೋಗುವ ಮುಂಚೆ ಬಕೆಟ್ಟಿಗೆ ಬ್ಲೀಚ್ ಸುರಿದು ಬಟ್ಟಲನ್ನು ಮುಳುಗಿಸಿಟ್ಟೆ. ಸಂಜೆ ತೆಗೆದರೆ ಬೆಳ್ಳಗೆ, ಹೊಸದರ ಹಾಗೆ! ಅವ್ವನನ್ನು ಕರೆದು ತೋರಿಸಿದೆ. ಅಷ್ಟು ಹೊತ್ತಿಗೆ ಮಾತು ಬಿಟ್ಟದ್ದು ಮುಗಿದಿತ್ತು. "ಮೊದಲಿಗಿಂತ ಚೊಲೋ ಆತು," ಎಂದಳು.

ಗುರುವಾರ ಅದನ್ನು ಟವೆಲಿನಲ್ಲಿ ಸುತ್ತಿ ಕೊಟ್ಟೆ. ಅಜ್ಜಿ ಬಿಚ್ಚಿ, ಮೂಗಿನ ಹತ್ತಿರ ಒಯ್ದರು. "ಥ್ಯಾಂಕ್ ಯೂ," ಎಂದರು. ಬಟ್ಟಲನ್ನು ಒಳಗಿಟ್ಟು ಬೇರೊಂದು ಕಪ್ಪು ಬಟ್ಟಲಿನಲ್ಲಿ ಚಹಾ ಮಾಡಿದರು. ಹವಾಮಾನದ ಮಾತಾಡಿದರು.

ಮರುವಾರವೂ ಹವಾಮಾನ. ಅದರ ಮರುವಾರವೂ. ಆ ನಯವಾದ ಮಾತು ಕೇಳುತ್ತ ಕೇಳುತ್ತ ನನ್ನೊಳಗೆ ಏನೋ ಕುದಿಯತೊಡಗಿತು. ಬೈಯಬಾರದೇ ಈ ಹೆಂಗಸು? ನಮ್ಮೂರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಓಣಿಗೆಲ್ಲ ಕೇಳುವಂತೆ ಬೈದು, ಅತ್ತು, ಚಹಾ ಕುಡಿಸಿ ಮುಗಿಸಿರುತ್ತಿದ್ದರು. ಇಲ್ಲಿ ಮೋಡ, ಬಸ್ಸು, ಕೌನ್ಸಿಲ್ಲಿನವರ ಲಿಫ್ಟು! ಮೂರನೆಯ ಗುರುವಾರ ಕಪ್ಪು ಬಟ್ಟಲನ್ನು ಕೆಳಗಿಟ್ಟು ಹೇಳಿಯೇಬಿಟ್ಟೆ, ದನಿ ಏರಿಸಿ: "ಉಪ್ಪಿನಕಾಯಿ ಹಾಕಿದ್ದು ನಮ್ಮ ತಾಯಿ, ಬಟ್ಟಲು ಹಳದಿಯಾಯಿತು. ನಾನು ಬ್ಲೀಚಿನಲ್ಲಿ ನೆನೆಸಿಟ್ಟೆ. ಕೆಮ್ಮಿದ್ದೂ ಸುಳ್ಳು. ನಿಮಗೆ ಗೊತ್ತಿದೆ. ಯಾಕೆ ಏನೂ ಅನ್ನುವುದಿಲ್ಲ?"

ಅಜ್ಜಿ ಒಳಗಿನಿಂದ ಬಟ್ಟಲು ತಂದು ನನ್ನ ಮುಂದಿಟ್ಟರು.

"ಉಪ್ಪಿನಕಾಯಿಯ ವಿಷಯ ನನಗೆ ಗೊತ್ತಿರಲಿಲ್ಲ. ಹಳದಿ ಬಟ್ಟಲನ್ನು ಹಾಗೇ ತಂದಿದ್ದರೆ ಬಹಳ ದಿನ ಬೇಸರಪಡುತ್ತಿದ್ದೆ, ಆಮೇಲೆ ಅದರಲ್ಲೇ ಚಹಾ ಕುಡಿಯುತ್ತಿದ್ದೆ. ನೀನು ಹಳದಿಯನ್ನು ಮಾತ್ರ ತೆಗೆದೆಯಾ? ಗೆರೆಗಳು ಎಲ್ಲಿವೆ, ತೋರಿಸು. ನಲವತ್ತು ವರ್ಷದ ಚಹಾ ಎಲ್ಲಿ?" ದನಿ ಏರುತ್ತಲೇ ಹೋಯಿತು. "ವಾಸನೆ ನೋಡು. ಈಜುಕೊಳ! ಮೂರು ವಾರ ನೀನೂ ನನ್ನ ಮುಂದೆ ಕೂತು ಮೋಡದ ಮಾತಾಡಿದೆ!"

ನೋಡಿದೆ. ಬಿರುಕುಗಳೆಲ್ಲ ಬೆಳ್ಳಗಿದ್ದವು. ಹಳದಿ ಹೋಯಿತೆಂದು ಕುಣಿದಾಡಿದ ಸಂಜೆ ಕಂದು ಬಣ್ಣವೂ ಹೋಗಿದ್ದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಹಾನಿ ಗುರುತಿಸಲೆಂದೇ ಸಂಬಳ ತೆಗೆದುಕೊಳ್ಳುವವನು ನಾನು.

"ಇನ್ನು ಹೋಗು," ಎಂದರು. ಬಾಗಿಲು ಹಾಕುವ ಮುಂಚೆ ಹೇಳಿದರು, "ಮುಂದಿನ ವಾರ ನಿನ್ನ ಮನೆಯದೇ ಪಾತ್ರೆ ಏನಾದರೂ ತಾ, ಕುಡಿಯಲಿಕ್ಕೆ. ನನ್ನ ಬಟ್ಟಲುಗಳನ್ನು ಕೊಡುವುದಿಲ್ಲ."

ವಾರವಿಡೀ ಹೋಗಲೋ ಬೇಡವೋ ಎಂದು ಒದ್ದಾಡಿದೆ. ಕೊನೆಗೆ ಕೈಗೆ ಸಿಕ್ಕ ಸ್ಟೀಲ್ ಲೋಟ ಹಿಡಿದುಕೊಂಡು ಇಳಿದೆ. ಅಜ್ಜಿ ನಗಲಿಲ್ಲ. ಅದಕ್ಕೇ ಪುಡಿ ಹಾಕಿ, ನೀರು ಸುರಿದು, ಕಡೆಗೋಲು ಹಿಡಿಸದ ಲೋಟದಲ್ಲಿ ಹೇಗೋ ತಿರುವಿ ನನ್ನ ಮುಂದೆ ಇಟ್ಟರು. ಎರಡೂ ಕೈಯಲ್ಲಿ ಹಿಡಿದೆ, ಅವರೇ ಕಲಿಸಿದ ಹಾಗೆ. ಬೆರಳು ಚುರ್ರೆಂದಿತು.

"ಬಿಸಿಯಿದೆಯಾ?" ಎಂದು ಕೇಳಿದರು, ನನ್ನ ಮುಖವನ್ನೇ ನೋಡುತ್ತ.

ಇಲ್ಲ, ಪರವಾಗಿಲ್ಲ ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು.

"ಸುಡುತ್ತಿದೆ," ಎಂದೆ, ಸಿಟ್ಟಿನಿಂದಲೇ.

"ಗೊತ್ತು," ಎಂದು ಅಜ್ಜಿ ತಮ್ಮ ಚಹಾ ಕುಡಿದರು.