ಕೂದಲು ಬಂದರೆ ಗಾಯ ಮಾಯ್ದಂತೆ

ಕಮಠಾಣದ ಆ ಕುರಿಗಾಯುವ ಹೆಂಗಸು, ಗಾಯ ಮಾಯ್ದಿದೆ ಎಂಬ ನನ್ನ ಮಾತನ್ನು ಒಮ್ಮೆಯೂ ನಂಬಿದವಳಲ್ಲ. ಪಶು ಆಸ್ಪತ್ರೆಯಲ್ಲಿ ನಾನು ಕುರಿಯ ಹೊಲಿಗೆ ಬಿಚ್ಚಿದ ಕೂಡಲೇ ಉಣ್ಣೆ ಸರಿಸಿ, ಹೊಸ ಕೂದಲು ಅಲುಗುತ್ತದೆಯೇ ಎಂದು ಆ ಜಾಗಕ್ಕೆ ಮೆಲ್ಲಗೆ ಊದಿ ನೋಡುತ್ತಿದ್ದಳು. "ತೊಗಲ ಕೂಡಿದ್ರ ಆಗಲಿಲ್ರಿ ಡಾಕ್ಟರ್ ಸಾಬ್, ಕೂದಲಾ ಬರಬೇಕು" ಎನ್ನುತ್ತಿದ್ದಳು.

ನಾಯಿ ಕಚ್ಚಿದ ಟಗರನ್ನು ತಂದ ದಿನ ಅವಳಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದೆ. ಯಾವುದೋ ಪ್ರಯೋಗಾಲಯದಲ್ಲಿ ಯಂತ್ರದ ಸೂಜಿಯೊಂದು, ಜೀವಕೋಶ ಬೆರೆಸಿದ ಅಂಟನ್ನು ಹಂದಿಯ ಗಾಯದ ಮೇಲೆ ಗೆರೆಗೆರೆಯಾಗಿ ಎಳೆದು ಹೊಸ ಚರ್ಮ ಕಟ್ಟುತ್ತಿತ್ತು.

"ಜೀವ ಇರೋ ತೊಗಲೇನ್ರಿ?"

"ಹೌದಕ್ಕಾ."

"ಕೂದಲಾ ಬರ್ತದ?"

"ಅದಕ್ಕ ಇನ್ನಾ ಪ್ರಯತ್ನ ನಡದದ."

"ಬೆವರು?"

ಕುರಿಗೆ ಬೆವರಿನ ಚಿಂತೆ ಯಾಕ ಎಂದು ನಕ್ಕೆ. ಅವಳು ನಗಲಿಲ್ಲ. ಕುಪ್ಪಸದ ತೋಳು ಮೇಲೆ ಸರಿಸಿದಳು. ಅಲ್ಲಿ ಎಂದೋ ಸುಟ್ಟ ಗಾಯದ ಕಲೆ, ಮೇಣದಂತೆ ನುಣುಪಾಗಿತ್ತು.

"ಬಿಸಲಾಗ ಮೈಯೆಲ್ಲಾ ತೊಯ್ತದರಿ. ಇದೊಂದು ಒಣಾನೇ ಇರ್ತದ. ಮಂದಿ ತೊಗಲ ಹೊತ್ಕೊಂಡಂಗ ಅನಸ್ತದ."

ಆಮೇಲೆ ವಿಡಿಯೊ ಮತ್ತೊಮ್ಮೆ ಹಚ್ಚಿಸಿದಳು. ಹೊಸ ಚರ್ಮ ಕಾಣಿಸಿದಾಗ ಬಾಗಿ, ಮೊಬೈಲಿನ ಗಾಜಿಗೆ ಮೆಲ್ಲಗೆ ಊದಿದಳು.